ಮುಟ್ಟಿಗೆ ಮುಂಚಿನ ಸಂಕಟ

ತೊಂಡೇಬಾವಿಯ ತಾಯಂದಿರೇ, ಅಕ್ಕ ತಂಗಿಯರೇ,

ನಾಚಿಕೆ ಬೇಡ. ಇಲ್ಲಿ ಹೆಂಗಸರೇ ಇದ್ದೀವಿ.

ನನ್ನ ತಂಗಿಗೆ ಮುಟ್ಟಾಗುವ ನಾಲ್ಕು ದಿನ ಮೊದಲೇ ಹೊಟ್ಟೆ ಉಬ್ಬರ, ಸೊಂಟ ನೋವು. ಸುಮ್ಮಸುಮ್ಮನೆ ಸಿಟ್ಟು, ಅಳು. ಗಾಳಿ ಸೋಕಿದೆ ಅಂತ ಅಮ್ಮ ತಾಯಿತ ಕಟ್ಟಿಸಿದರು. ಮುಟ್ಟಾಯಿತು, ಎಲ್ಲ ಇಳಿಯಿತು. ತಾಯಿತಕ್ಕೆ ಹೆಸರು ಬಂತು! ಮುಂದಿನ ತಿಂಗಳು ಮತ್ತೆ ಅದೇ ಗೋಳು.

ಅದು ಗಾಳಿಯಲ್ಲ. ಮೈಯೊಳಗೆ ಹಾರ್ಮೋನು ಎಂಬ ರಸಗಳು ಏರಿಳಿಯುತ್ತವೆ. ಅದರಿಂದ ಹೀಗಾಗುತ್ತದೆ.

ಇದಕ್ಕೆ ಕಾಸಿಲ್ಲದ ಮದ್ದು ನಡಿಗೆ. ವಾರಕ್ಕೆ 5 ದಿನ, ಅರ್ಧ ಗಂಟೆ ಬಿರಬಿರನೆ ನಡೆಯಬೇಕು. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ಬಿರುಸು. ನೋವು ಬಂದ ದಿನ ಮಾತ್ರ ನಡೆದರೆ ಸಾಲದು. ಎರಡು ಮೂರು ತಿಂಗಳು ಬಿಡದೆ ನಡೆದು ನೋಡಿ.

"ದಿನವೆಲ್ಲ ಹೊಲದಲ್ಲಿ ಕಳೆ ಕೀಳ್ತಾಳಲ್ಲ ಟೀಚರಮ್ಮ, ಸಾಲ್ದಾ?" ಅಂತ ಒಬ್ಬ ತಾಯಿ ಕೇಳಿದರು. ಬಗ್ಗಿ ಬಗ್ಗಿ ಕಳೆ ಕಿತ್ತರೆ ಸೊಂಟ ಇನ್ನೂ ಹಿಡಿಯುತ್ತೆ. ಮೈ ನೆಟ್ಟಗೆ ಮಾಡಿ, ಕೈ ಬೀಸಿ ನಡೆಯಲಿ. ಗೆಳತಿಯರ ಜೊತೆ ರೈಲು ನಿಲ್ದಾಣದ ತನಕ ಹೋಗಿ ಬರಲಿ. ಮೈ ನೆರೆದವಳು ಅಂತ ಕುಂಟೆಬಿಲ್ಲೆ, ಹಗ್ಗದಾಟ ಬಿಡಿಸಬೇಡಿ.

ನಡೆದರೂ ತಗ್ಗದಿದ್ದರೆ ಆಶಾ ಅಕ್ಕನಿಗೆ ಹೇಳಿ. ಹುಡುಗಿ ಸಾಯುವ ಮಾತಾಡಿದರೆ ತಡ ಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನನ್ನ ತಂಗಿ ಈಗಲೂ ನಡೀತಾಳೆ. ಉಬ್ಬರ ಪೂರ್ತಿ ಹೋಗಿಲ್ಲ. ಸಿಟ್ಟು, ಅಳು ತಗ್ಗಿದೆ.