ಮೀಯುವ ಮನೆ

ಮನೆ ಕಟ್ಟಿಸುವವರು ದೇವರ ಕೋಣೆಯ ದಿಕ್ಕನ್ನು ಕುರಿತು ಯೋಚಿಸುತ್ತಾರೆ. ಅಡುಗೆಮನೆಯ ಬೆಳಕನ್ನು ಕುರಿತು ಯೋಚಿಸುತ್ತಾರೆ. ಜಗಲಿಯಲ್ಲಿ ಎಷ್ಟು ಜನ ಕೂರಬಹುದೆಂದು ಲೆಕ್ಕ ಹಾಕುತ್ತಾರೆ. ಉಳಿದ ಮೂಲೆ ಬಚ್ಚಲಿನ ಪಾಲಿಗೆ. ನಾನೂ ಹಾಗೆ ಮಾಡಿದವನೇ. ಅದರ ಫಲವನ್ನು ಉಂಡವಳು ಮಾತ್ರ ನನ್ನ ಅವ್ವ.

ನಮ್ಮದು ಮೂಡಿಗೆರೆಯಿಂದ ಕೊಟ್ಟಿಗೆಹಾರ ದಾಟಿ ಕಳಸಕ್ಕೆ ಹೋಗುವ ಕಡೆಯ ತೋಟದ ಮನೆ. ಹಳೆಯ ಬಚ್ಚಲುಮನೆ ಹಿತ್ತಿಲ ಬದಿಗಿತ್ತು. ಗೋಡೆಗೆ ಸೇರಿದ ಒಲೆಯ ಮೇಲೆ ತಾಮ್ರದ ಹಂಡೆ. ಒಲೆಯ ಬಾಯಿ ಹೊರಗೆ. ಕೂತು ಮೀಯಲು ಒರಟಾದ ಕಲ್ಲುಚಪ್ಪಡಿ. ಗುಡ್ಡದ ಅಬ್ಬಿಯ ನೀರು ಅಡಕೆಮರದ ದಂಬೆಯಲ್ಲಿ ಹರಿದು ಬರುತ್ತಿತ್ತು. ಮಿಂದ ನೀರು ಹಿತ್ತಿಲ ಬಾಳೆಗೂ ಕೆಸುವಿಗೂ ಹೋಗುತ್ತಿತ್ತು. ದೀಪಾವಳಿಯ ನೀರು ತುಂಬುವ ಹಬ್ಬದಂದು ಹಂಡೆಯನ್ನು ಬೆಳಗಿ, ಸುಣ್ಣದ ಗೆರೆಯೆಳೆದು, ಅದರ ಕೊರಳಿಗೆ ಬಳ್ಳಿ ಸುತ್ತುತ್ತಿದ್ದರು. ಹೊಗೆಯಿಂದ ಗೋಡೆ ಕಪ್ಪಾಗಿತ್ತು ನಿಜ. ಆದರೆ ಆಷಾಢದ ಜಡಿಮಳೆಯಲ್ಲಿಯೂ ಬೆಚ್ಚಗೆ, ಒಣಗಿ ಇರುತ್ತಿದ್ದ ಜಾಗವೂ ಅದೇ.

ಕೈಯಲ್ಲಿ ಕಾಸು ಆಡಿದ ಒಂದು ವರ್ಷ ನಾನು ಅದನ್ನು ಕೆಡವಿಸಿದೆ. ಹೊಳೆಯುವ ಟೈಲ್ಸು, ಗೀಸರು, ಕಮೋಡು ಎಲ್ಲವನ್ನೂ ಒಂದು ಇಕ್ಕಟ್ಟಿನ ಕೋಣೆಯಲ್ಲಿ ತುಂಬಿದೆ. ನೀರು ಹರಡದಿರಲೆಂದು ನಾಲ್ಕಂಗುಲದ ಕಟ್ಟೆಯನ್ನೂ ಕಟ್ಟಿಸಿದೆ. ಬೆಂಕಿ ಹೋಯಿತು, ತೇವ ಉಳಿಯಿತು. ಶ್ರಾವಣದ ಒಂದು ಬೆಳಿಗ್ಗೆ ಆ ಕಟ್ಟೆಯನ್ನು ಎಡವಿ ಅವ್ವ ಬಿದ್ದಳು. ಮಣಿಕಟ್ಟು ಮುರಿಯಿತು.

ಮುರಿದ ಮೂಳೆ ಕೂಡಿಕೊಂಡಿತು. ಆದರೆ ಎರಡು ತಿಂಗಳ ಕಾಲ ಅವಳಿಗೆ ಇನ್ನೊಬ್ಬರು ಸ್ನಾನ ಮಾಡಿಸಬೇಕಾಯಿತು. ಮಕ್ಕಳನ್ನೂ ಮೊಮ್ಮಕ್ಕಳನ್ನೂ ನೀಡಿದ ಕಾಲ ಮೇಲೆ ಮಲಗಿಸಿಕೊಂಡು ಎರೆದ ಜೀವ ಅದು. ಕೈ ಸರಿಹೋದ ದಿನ ನನ್ನನ್ನು ಕರೆದು, “ನನ್ನ ಮೈ ನಾನೇ ತೊಳ್ಕಳ್ಳೋ ಹಂಗೆ ಒಂದು ಜಾಗ ಮಾಡ್ಕೊಡು ಮಾರಾಯ. ಹೊಳೆಯೋದು ಬ್ಯಾಡ” ಎಂದಳು.

ಕಾಫಿ ಕೊಯ್ಲು ಮುಗಿದು ಕಣ ಬರಿದಾಗಿತ್ತು. ಕಾಗದದ ಮೇಲಿನ ನಕ್ಷೆ ಅವ್ವನಿಗೆ ತಿಳಿಯದೆಂದು, ಕಣದ ಮೇಲೆಯೇ ಬೂದಿಯಿಂದ ಬಚ್ಚಲನ್ನು ಅದರ ನಿಜವಾದ ಅಳತೆಯಲ್ಲಿ ಬರೆದೆವು. ಬಾಗಿಲ ಕಡೆ ಒಣನೆಲ, ಅಲ್ಲಿ ಕಮೋಡು ಮತ್ತು ಕೈತೊಳೆಯುವ ಬೇಸಿನ್ನು. ಒಳಕೊನೆಯಲ್ಲಿ ಮೂರಡಿ ಚೌಕದ ಮೀಯುವ ನೆಲ. ಅವ್ವ ಅದರಲ್ಲಿ ಸ್ಟೂಲು ಹಾಕಿಕೊಂಡು ಕೂತಳು. ನನ್ನ ಹೆಂಡತಿ ಬಕೆಟ್ಟು ಹಿಡಿದು ಪಕ್ಕದಲ್ಲಿ ನಿಂತಳು. ಅವಳ ಎರಡು ಕಾಲೂ ಗೆರೆಯ ಹೊರಗಿದ್ದವು. ಮೂರಡಿ ಚೌಕ ಒಬ್ಬರು ನಿಂತು ಮೀಯಲು ಸಾಕು. ಕೂತವರಿಗೂ ನೀರೆರೆಯುವವರಿಗೂ ಸಾಲದು. ಪಕ್ಕದ ಸೌದೆ ಕೊಟ್ಟಿಗೆಯಿಂದ ಜಾಗ ಕಡ ತೆಗೆದುಕೊಂಡು ಐದಕ್ಕೆ ನಾಲ್ಕಡಿ ಮಾಡಿದೆವು.

“ಕಟ್ಟೆ ಇಲ್ದಿದ್ರೆ ನೀರು ಎಲ್ಲಾ ಕಡೆ ಹರೀತದಲ್ಲ?” ಎಂದರು ಮೇಸ್ತ್ರಿ. ಅವ್ವ ಕೂತಲ್ಲಿಂದಲೇ, “ಈ ಕಣಕ್ಕೆ ಕಟ್ಟೆ ಉಂಟಾ? ಇಲ್ಲಿ ನೀರು ನಿಂತದ್ದು ಯಾವತ್ತಾದ್ರೂ ಕಂಡಿದೀರಾ?” ಎಂದು ಕೇಳಿದಳು. ಮೇಸ್ತ್ರಿ ನಕ್ಕರು. ಆ ಕಣಕ್ಕೆ ಇಳಿಜಾರು ಕೊಟ್ಟವರು ಅವರೇ.

ಮುಂದಿನದೆಲ್ಲ ಆ ಮಾತಿನಿಂದಲೇ ಹೊರಟಿತು. ಅಡಿಗೆ ಕಾಲಂಗುಲದ ಇಳಿಜಾರು. ಅದೂ ಒಂದೇ ದಿಕ್ಕಿಗೆ, ದೂರದ ಗೋಡೆಯ ಬುಡದ ಜಾಲರಿಯ ಕಡೆಗೆ. ಐದಡಿ ನೆಲಕ್ಕೆ ಒಂದೂಕಾಲು ಅಂಗುಲ ಇಳಿತ ಬೇಕಾದ್ದರಿಂದ, ನೆಲ ಹಾಕುವ ಮೊದಲೇ ಅಷ್ಟು ಅಗೆದುಕೊಳ್ಳಬೇಕು. ಆಮೇಲೆ ನೆನಪಾದರೆ ಪ್ರಯೋಜನವಿಲ್ಲ. ಜಾಲರಿಯ ಕೆಳಗೆ ಸದಾ ಎರಡಂಗುಲ ನೀರು ನಿಲ್ಲುವ ಬಾಗಿದ ಕೊಳವೆ. ವಾಸನೆಯನ್ನೂ ಜಿರಲೆಯನ್ನೂ ಅದು ತಡೆಯುತ್ತದೆ. ಟೈಲ್ಸು ಕೂರಿಸುವ ಮೊದಲು ನೀರು ಇಂಗದ ಲೇಪ ಬಳಿದು, ಕಂಡಿಯನ್ನು ಮುಚ್ಚಿ, ಒಂದು ಹಗಲು ಒಂದು ರಾತ್ರಿ ನೀರು ನಿಲ್ಲಿಸಿ ನೋಡಿದೆವು. ಟೈಲ್ಸು ಚಿಕ್ಕವು, ಒರಟಾದವು. ಸಂದುಗಳು ಹೆಚ್ಚಾದಷ್ಟೂ ಕಾಲಿಗೆ ಹಿಡಿತ ಹೆಚ್ಚು. ಗೋಡೆಯಲ್ಲಿ 33ರಿಂದ 36 ಅಂಗುಲದ ಎತ್ತರಕ್ಕೆ, ಮೈಭಾರ ತಾಳುವ ಹಿಡಿಕೆ. ಟವೆಲು ಹಾಕುವ ಸರಳನ್ನು ನಂಬಬಾರದು. ಬಾಗಿಲು ಹೊರಕ್ಕೆ ತೆರೆಯಬೇಕು. ಒಳಗೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡವಾಗಬಾರದಷ್ಟೆ. ಷವರಿನ ನಲ್ಲಿ ಅದರ ಕೆಳಗಲ್ಲ, ಒಳಬರುವ ಕಡೆಗೆ. ಬಿಸಿಯನ್ನು ಕೈಯಿಂದ ನೋಡಿ ಆಮೇಲೆ ನೀರಿಗೆ ಹೋಗಬಹುದು. ಹತ್ತು ಮೀಟರು ಎತ್ತರದಿಂದ ಇಳಿದ ನೀರಿಗೆ ಹೆಚ್ಚು ಕಡಿಮೆ ಒಂದು ವಾಯುಭಾರದಷ್ಟು ಒತ್ತಡವಿರುತ್ತದೆ. ಸೂರಿನ ಮೇಲಿನ ತೊಟ್ಟಿಗೆ ಅದಿಲ್ಲ, ಗುಡ್ಡದ ಮೇಲಿನ ತೊಟ್ಟಿಗೆ ಇದೆ.

ನಗರದ ಅಂಗಡಿಗಳಲ್ಲಿ ಇದಕ್ಕೆ ‘ವಾಕ್ ಇನ್ ಷವರ್’ ಎಂದು ಹೆಸರು. ಗಾಜಿನ ಗೋಡೆಯೂ ಜೊತೆಗೆ ಬರುತ್ತದೆ. ಹೆಸರು ಹೊಸದು, ವಸ್ತು ಹೊಸದಲ್ಲ. ಜಪಾನಿನ ಮನೆಗಳಲ್ಲಿ ನೀರಿಳಿಯುವ ನೆಲದ ಮೇಲೆ ಕೂತು ಮೈ ತೊಳೆದುಕೊಂಡ ಮೇಲೆಯೇ ಬಿಸಿನೀರಿನ ತೊಟ್ಟಿಗೆ ಇಳಿಯುತ್ತಾರೆ. ನಮ್ಮ ಹಿರಿಯರ ಕಲ್ಲುಚಪ್ಪಡಿಯೂ ಇಂಥದೇ.

ಹಂಡೆಯೂ ಮರಳಿ ಬಂತು. ಮಳೆಗಾಲದಲ್ಲಿ ನಮ್ಮಲ್ಲಿ ಬಿಸಿಲನ್ನು ನಂಬಿದ ಸೋಲಾರ್ ನೀರು ಕಾಯುವುದಿಲ್ಲ. ಮರ ಬಿದ್ದು ತಂತಿ ಹರಿದರೆ ಕರೆಂಟು ದಿನಗಟ್ಟಲೆ ಇರುವುದಿಲ್ಲ. ತೋಟದ ನೆರಳುಮರಗಳ ಕಸಿ ಮಾಡಿದ ಕೊಂಬೆಗಳೇ ಸೌದೆ. ಒಲೆಯ ಬಾಯಿ ಮೊದಲಿನಂತೆಯೇ ಹೊರಗಿದೆ, ಹೊಗೆಗೆ ಕೊಳವೆಯಿದೆ. ಗೋಡೆ ಬೆಚ್ಚಗಾದರೆ ನೆಲ ತಾನಾಗಿ ಒಣಗುತ್ತದೆ.

ಕನ್ನಡದಲ್ಲಿ ಮೀಯುವುದು ಎಂಬ ಮಾತಿದೆ, ಎರೆಯುವುದು ಎಂಬ ಮಾತೂ ಇದೆ. ಮೊದಲನೆಯದಕ್ಕೆ ಒಬ್ಬರು ಸಾಕು. ಎರಡನೆಯದಕ್ಕೆ ಇಬ್ಬರು ಬೇಕು. ನಾನು ಮೊದಲು ಕಟ್ಟಿಸಿದ ಬಚ್ಚಲು ಮೀಯುವ ಗಟ್ಟಿಮುಟ್ಟಾದ ಒಬ್ಬನಿಗಾಗಿ, ಅಂದರೆ ನನಗಾಗಿ ಕಟ್ಟಿಸಿದ್ದು. ಕುಟುಂಬದ ಮನೆಯಲ್ಲಿ ಎರೆಸಿಕೊಳ್ಳುವ ಕೂಸು ಇರುತ್ತದೆ, ಬಾಣಂತಿ ಇರುತ್ತಾಳೆ, ಮುಪ್ಪು ಇರುತ್ತದೆ. ಒಬ್ಬರೇ ಮೀಯುವ ಮರ್ಯಾದೆಗೂ ಇನ್ನೊಬ್ಬರು ಪಕ್ಕದಲ್ಲಿ ನಿಲ್ಲುವ ಅನುವಿಗೂ ಒಂದೇ ನೆಲದಲ್ಲಿ ಎಡೆ ಮಾಡಬೇಕು.

ಅವ್ವ ಈಗ ತಾನೇ ಮೀಯುತ್ತಾಳೆ. ಕಳೆದ ಮಳೆಗಾಲದಲ್ಲಿ ಕರೆಂಟು ಹೋದ ಒಂದು ಸಂಜೆ ಹಂಡೆಯ ನೀರು ತೋಡಿಕೊಂಡು ಒಳಗೆ ಕೂತಿದ್ದಳು. ಸ್ವಲ್ಪ ಹೊತ್ತಿಗೆ ಸೊಸೆಯನ್ನು ಕೂಗಿ, “ಬೆನ್ನಿಗೊಂದು ಚೂರು ನೀರು ಹಾಕ್ತೀಯೇನೆ?” ಎಂದಳು. ಕೈಲಾಗದೆ ಕರೆದದ್ದಲ್ಲ, ಹಿತವೆಂದು ಕರೆದದ್ದು. ಸೊಸೆ ಚೆಂಬು ತೆಗೆದುಕೊಂಡು ಹೋದಳು. ಅವಳು ನಿಲ್ಲುವುದಕ್ಕೆ ಅಲ್ಲಿ ಜಾಗವಿತ್ತು.