ನಂಬಿಕೆ, ಅನ್ಯೋನ್ಯತೆ ಮತ್ತು ನಮ್ಮ ಪಹಣಿ

(ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಬ್ಯಾರನ್ನಿಗೆ ಸೊಪ್ಪು ಏರಿಸುವ ಕೆಲಸ ಬಿಟ್ಟು, ನಾಟಿ ಬಿಟ್ಟು, ಎರಡೆರಡು ಬಸ್ಸು ಹತ್ತಿ ಬಂದಿದ್ದೀರಿ.

ಹೋದ ಸಲ ನಾವು ಸೇರಿದ್ದಾಗ ಕೋಟೆ ಕಡೆಯ ಒಬ್ಬ ಅಕ್ಕ ಎದ್ದು ನಿಂತು ಒಂದು ಮಾತು ಕೇಳಿದರು. “ನಮ್ಮ ಯಜಮಾನರು ತೀರಿಕೊಂಡಾಗ ಹನ್ನೊಂದು ದಿನ ಮನೆ ತುಂಬ ಜನ. ಹನ್ನೆರಡನೇ ದಿನ ಒಲೆ ಮುಂದೆ ನಾನೊಬ್ಬಳೇ. ಎಲ್ಲರೂ ದೇವರನ್ನು ನಂಬು ಅಂದರು. ನಂಬಿದ್ದೀನಿ ಕಣವ್ವಾ, ಆದರೆ ಜೊತೆಗೆ ಯಾರಿದ್ದಾರೆ?” ಆ ದಿನ ನಮ್ಮಲ್ಲಿ ಯಾರೂ ಸರಿಯಾದ ಉತ್ತರ ಕೊಡಲಿಲ್ಲ. ಸಭೆ ಮುಗಿದ ಮೇಲೆ ಗೆಳತಿಯರು ನನ್ನನ್ನು ಕೇಳಿದರು: “ನಿಮ್ಮ ಮನೆಯವರು ಲೂಥರನ್ ಕ್ರೈಸ್ತರಲ್ಲವೇ? ನಿಮ್ಮಲ್ಲಿ ಹೆಣ್ಣಿಗೆ ಕಷ್ಟ ಬಂದಾಗ ಸಭೆ ಏನು ಮಾಡುತ್ತೆ? ಅದನ್ನೇ ಬಂದು ಹೇಳಿ.” ಅದಕ್ಕೇ ನಿಂತಿದ್ದೇನೆ. ಯಾರನ್ನೂ ನಮ್ಮ ಮತಕ್ಕೆ ಕರೆಯಲು ಬಂದವಳಲ್ಲ. ಮಂಚಮ್ಮ, ಮಾರಮ್ಮ, ಮಾದಪ್ಪ, ಅಲ್ಲಾ, ಯೇಸು, ನಿಮ್ಮ ದೇವರು ನಿಮಗಿರಲಿ. ನಾನು ಹೇಳುವುದರಲ್ಲಿ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ.

ನಮ್ಮ ಸಭೆಯಲ್ಲಿ ‘ಅನ್ಯೋನ್ಯತೆ’ ಎಂಬ ಮಾತನ್ನು ಪದೇ ಪದೇ ಬಳಸುತ್ತಾರೆ. ಒಬ್ಬರಿಗೊಬ್ಬರು ಆಗಿಬರುವುದು ಅಂತ ಅದರ ಅರ್ಥ. ಈ ಮಾತು ನಿಜವಾಗುವುದು ಯಾವಾಗ, ಸುಳ್ಳಾಗುವುದು ಯಾವಾಗ ಎಂಬುದನ್ನು ನಾನು ಕಲಿತದ್ದು ನನ್ನ ಅಕ್ಕನಿಂದ.

ಅಕ್ಕನ ಮದುವೆ ಆದದ್ದು 1991ರಲ್ಲಿ. ಕ್ರೈಸ್ತರಲ್ಲಿ ವರದಕ್ಷಿಣೆ ಇಲ್ಲ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಇದೆ. ಹೆಸರು ಬೇರೆ ಅಷ್ಟೆ, ‘ಹುಡುಗಿಗೆ ಅಂತ ಏನು ಕೊಡ್ತೀರಿ’ ಅನ್ನುತ್ತಾರೆ. ಅಪ್ಪ ಶಾಲಾ ಮೇಷ್ಟರು. ಒಪ್ಪಿಕೊಂಡದ್ದರಲ್ಲಿ ಸ್ವಲ್ಪ ಬಾಕಿ ಉಳಿಯಿತು. ಆ ಬಾಕಿಯನ್ನು ಅಕ್ಕನ ಬೆನ್ನಿನ ಮೇಲೆ ವಸೂಲು ಮಾಡಿದರು. ಎರಡು ಸಲ ತವರಿಗೆ ಓಡಿಬಂದಳು. ಎರಡು ಸಲವೂ ಸಭೆಯ ಹಿರಿಯರು ಬಂದು, ಪ್ರಾರ್ಥನೆ ಮಾಡಿ, ಯೇಸುಸ್ವಾಮಿ ಶಿಲುಬೆ ಹೊತ್ತ ಹಾಗೆ ನೀನೂ ಹೊರಬೇಕು ಎಂದು ಹೇಳಿ ವಾಪಸ್ಸು ಕಳಿಸಿದರು. ನಿಮ್ಮೂರಿನ ಪಂಚಾಯಿತಿ ಕಟ್ಟೆಯಲ್ಲಿ ‘ತಾಳಿದವಳು ಬಾಳಿಯಾಳು’ ಅನ್ನುತ್ತಾರಲ್ಲ, ಅದೇ ಮಾತು. ಪುಸ್ತಕ ಬೇರೆ, ಮಾತು ಒಂದೇ.

ಮೂರನೇ ಸಲ ಬಂದಾಗ ಅವಳ ಕೈ ಮುರಿದಿತ್ತು. ಮೂರು ವರ್ಷದ ಮಗಳನ್ನು ಅವರು ಇಟ್ಟುಕೊಂಡಿದ್ದರು. ಆ ಸಲ ಹಿರಿಯರಿಗಿಂತ ಮೊದಲು ಬಂದವರು ಸಭೆಯ ನಾಲ್ಕು ಜನ ಹೆಂಗಸರು. ಒಬ್ಬರು ನಿವೃತ್ತ ನರ್ಸು, ಒಬ್ಬರು ಹೊಲಿಗೆ ಕಲಿಸುವವರು, ಇಬ್ಬರು ವಿಧವೆಯರು. ಅವರೂ ಪ್ರಾರ್ಥನೆ ಮಾಡಿದರು, ಇಲ್ಲ ಅನ್ನುವುದಿಲ್ಲ. ಆದರೆ ಆಮೆನ್ ಅಂದ ಮೇಲೆ ಎದ್ದು ಆಸ್ಪತ್ರೆಗೆ ಕರೆದುಕೊಂಡು ಹೋದರು, ಗಾಯದ ಚೀಟಿ ಬರೆಸಿದರು, ಪೊಲೀಸು ಠಾಣೆಯ ಬೆಂಚಿನ ಮೇಲೆ ಸಂಜೆಯವರೆಗೆ ಅವಳ ಪಕ್ಕದಲ್ಲಿ ಕೂತರು. ಹಿರಿಯರು ಬಂದಾಗ ಆ ನರ್ಸಮ್ಮ ಬಾಗಿಲಲ್ಲಿ ನಿಂತು, “ಈ ಸಲ ಹುಡುಗಿ ಹೋಗೋದಿಲ್ಲ” ಅಂದರು. ಅಷ್ಟೇ ಮಾತು. ಹಿರಿಯರು ಕಾಫಿ ಕುಡಿದು ಹೋದರು.

ಅಕ್ಕ ಆಮೇಲೆ ನನ್ನ ಹತ್ತಿರ ಹೇಳಿದಳು, ಹಿರಿಯರ ಪ್ರಾರ್ಥನೆ ಕೇಳಿದಾಗ ದೇವರು ದೂರದಲ್ಲಿದ್ದಾನೆ ಅನ್ನಿಸುತ್ತಿತ್ತು, ಆ ಬೆಂಚಿನ ಮೇಲೆ ಕೂತಾಗ ಹತ್ತಿರ ಬಂದ ಹಾಗಾಯಿತು ಅಂತ. ಅವಳಿಗೆ ನಂಬಿಕೆ ಬಂದದ್ದು ಹಾಗೆ.

ಈಗ ಈ ಲೂಥರನ್ನರು ಯಾರು, ನಮ್ಮ ಸೀಮೆಗೆ ಹೇಗೆ ಬಂದರು ಅಂತ ಸ್ವಲ್ಪ ಹೇಳುತ್ತೇನೆ. 1834ರಲ್ಲಿ ಬಾಸೆಲ್ ಮಿಷನ್ ಎಂಬ ಸಂಸ್ಥೆಯ ಪಾದ್ರಿಗಳು ಮಂಗಳೂರಿಗೆ ಬಂದರು. ಅದರಲ್ಲಿ ಲೂಥರನ್ನರೂ ಇದ್ದರು, ರಿಫಾರ್ಮ್ಡ್ ಎಂಬ ಇನ್ನೊಂದು ಪಂಗಡದವರೂ ಇದ್ದರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ತಂದ ಮೊಗ್ಲಿಂಗ್, 1894ರಲ್ಲಿ ಕನ್ನಡದ ದೊಡ್ಡ ನಿಘಂಟು ಕೊಟ್ಟ ಕಿಟ್ಟೆಲ್ ಇದೇ ಮಿಷನ್ನಿನವರು. ಈ ಮಿಷನ್ನಿನ ಸಭೆಗಳು ಬಹುಪಾಲು ಮುಂದೆ ದಕ್ಷಿಣ ಭಾರತ ಸಭೆಯಲ್ಲಿ ಸೇರಿಹೋದವು. ನಮ್ಮ ಅಜ್ಜಿ ಮಂಗಳೂರು ಕಡೆಯ ಬಾಸೆಲ್ ಮಿಷನ್ ಸಭೆಯವಳು.

ಆ ಕಾಲದಲ್ಲಿ ಮತ ಬದಲಾಯಿಸಿದವರಿಗೆ ಮೊದಲು ಸಿಕ್ಕಿದ್ದು ಬಹಿಷ್ಕಾರ. ಮನೆ ಹೋಯಿತು, ಕಸುಬು ಹೋಯಿತು, ಬಾವಿ ನೀರು ಹೋಯಿತು. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕ ದೀಕ್ಷೆ ತೆಗೆದುಕೊಂಡಾಗ ಮಂಗಳೂರಿನಲ್ಲಿ ದೊಡ್ಡ ಗದ್ದಲವಾಯಿತು. ಅವರ ಎಳೆಯ ಹೆಂಡತಿ ಅವರ ಜೊತೆ ಬರಲಿಲ್ಲ. ಅವರು ಬಾಸೆಲಿಗೆ ಹೋಗಿ ಓದಿ, ಪಾದ್ರಿಯಾಗಿ ಬಂದು, 1860ರಲ್ಲಿ ಜರ್ಮನಿಯ ಹೆಣ್ಣನ್ನು ಮದುವೆಯಾದರು. ಮಿಷನ್ನಿನವರು ಕೌಂಡಿನ್ಯರ ತ್ಯಾಗವನ್ನು ಬಹಳ ಹೊಗಳುತ್ತಾರೆ. ನನಗೆ ಮಾತ್ರ ಆ ಹುಡುಗಿಯ ನೆನಪೇ ಬರುತ್ತದೆ. ಗಂಡ ಬದುಕಿದ್ದಾನೆ, ಆದರೆ ಇಲ್ಲ. ಮುತ್ತೈದೆಯೂ ಅಲ್ಲ, ವಿಧವೆಯೂ ಅಲ್ಲ. ಗಂಡ ಬಿಟ್ಟವಳ ಕಷ್ಟ ಈ ಸಭೆಯಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ.

ನಿಮಗೆ ಹತ್ತಿರದ ಊರೊಂದರ ಕಥೆಯೂ ಇದರಲ್ಲಿದೆ. ಪಿರಿಯಾಪಟ್ಟಣದಿಂದ ಮಾಲ್ದಾರೆ ಮೇಲೆ ಸಿದ್ದಾಪುರದ ಕಡೆಗೆ ಕಾಫಿ ಕೊಯ್ಲಿಗೆ ಹೋಗಿಬಂದವರು ನಿಮ್ಮಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ ನೋಡೋಣ. ಅರ್ಧಕ್ಕರ್ಧ ಇದ್ದೀರಿ. ಆ ಕಡೆಯೇ ಆನಂದಪುರ ಅಂತ ಊರಿದೆ. 1850ರ ದಶಕದಲ್ಲಿ ಮೊಗ್ಲಿಂಗ್ ಕೊಡಗಿಗೆ ಬಂದು ಅದನ್ನು ಕಟ್ಟಿದರು. ತಲೆಮಾರುಗಳಿಂದ ಒಡೆಯರ ಭೂಮಿಗೆ ಕಟ್ಟುಬಿದ್ದಿದ್ದ ದಲಿತ ಕುಟುಂಬಗಳು ಅಲ್ಲಿಗೆ ಬಂದು ನೆಲೆಸಿದವು. ಬಂದವರಿಗೆಲ್ಲ ಬೈಬಲ್ ತಿಳಿದು ನಂಬಿಕೆ ಹುಟ್ಟಿತ್ತು ಅಂತ ನಾನು ಹೇಳಲಾರೆ. ಯಾರ ಆಳೂ ಅಲ್ಲದೆ ಬದುಕುವ ಆಸೆಯಿಂದ ಬಂದವರೂ ಇದ್ದಿರಬೇಕು. ಅದರಲ್ಲಿ ತಪ್ಪೇನು? ಒಡೆಯನ ಹೊಡೆತ ತಪ್ಪಿ, ಮಲಗಲು ಒಂದು ಸೂರು ಸಿಕ್ಕಿದ ಮೇಲೆ ದೇವರ ಮಾತು ಕಿವಿಗೆ ಬಿದ್ದರೆ, ಆ ದೇವರ ಮೇಲೆ ಪ್ರೀತಿ ಬರುವುದು ಸಹಜ.

ಕರಾವಳಿಯಲ್ಲೂ ಅದೇ. ಕಸುಬು ಕಳೆದುಕೊಂಡವರಿಗಾಗಿ ಮಿಷನ್ ನೇಯ್ಗೆ ಶುರುಮಾಡಿತು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಮಾಡಿತು. ನಮ್ಮ ಹಳೆ ಮನೆಗಳ ಮೇಲಿನ ಮಂಗಳೂರು ಹಂಚಿನ ಮೂಲ ಅದೇ. ನಮ್ಮ ಅಜ್ಜಿಯ ಅಮ್ಮ ಚಿಕ್ಕ ವಯಸ್ಸಿನಲ್ಲೇ ವಿಧವೆಯಾಗಿ, ಹಂಚಿನ ಕಾರ್ಖಾನೆಯಲ್ಲಿ ಹಸಿ ಹಂಚು ಹೊತ್ತು ಮೂರು ಮಕ್ಕಳನ್ನು ಸಾಕಿದಳಂತೆ. ತಲೆ ಬೋಳಿಸಲಿಲ್ಲ, ಮೂಲೆಗೆ ಕೂರಿಸಲಿಲ್ಲ, ವಾರದ ಕೂಲಿ ಕೈಗೆ ಬಂತು. ಇದನ್ನು ಅಜ್ಜಿ ದೇವರ ಕೃಪೆ ಅನ್ನುತ್ತಿದ್ದಳು.

ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕು. ಕೂಲಿ ಕೊಡುವವರೂ ಅವರೇ, ಗುಡಿಸಲ ಜಾಗ ಕೊಡುವವರೂ ಅವರೇ, ನಡತೆ ಸರಿಯಿಲ್ಲ ಅಂತ ಸಭೆಯಿಂದ ಹೊರಗಿಡುವವರೂ ಅವರೇ. ಆಗ ಹೆಣ್ಣು ಯಾರ ಮುಂದೆ ಬಾಯಿ ಬಿಡಬೇಕು? ಕಷ್ಟಕಾಲದಲ್ಲಿ ಕೈ ಹಿಡಿದವರೇ ಮುಂದೆ ಕೈ ಬಿಡದೆ ಬಿಗಿಹಿಡಿದರೆ ಅದೂ ಒಂದು ಒಡೆತನವೇ. ನಮ್ಮ ಸಂಘಗಳಲ್ಲೂ ಇದು ಇದೆ. ಸಾಲ ಕೊಡುವ ಪ್ರತಿನಿಧಿಯ ಮುಂದೆ ಬಡ ಸದಸ್ಯೆ ಮಾತಾಡಲು ಹೆದರುತ್ತಾಳೆ. ಇಲ್ಲ ಅನ್ನಬೇಡಿ, ನೋಡಿದ್ದೇನೆ.

ಇನ್ನು ಈ ಪಂಥ ಶುರುಮಾಡಿದ ಮಾರ್ಟಿನ್ ಲೂಥರ್ ಅವರ ಹೆಂಡತಿಯ ಕಥೆ. ಅವಳ ಹೆಸರು ಕತರೀನಾ. ಜರ್ಮನಿಯವಳು, ಚಿಕ್ಕವಳಿದ್ದಾಗಲೇ ಅವಳನ್ನು ಕನ್ಯಾಮಠಕ್ಕೆ ಸೇರಿಸಿದ್ದರು. 1523ರಲ್ಲಿ ಇನ್ನೂ ಕೆಲವರ ಜೊತೆ ಮೀನಿನ ಪೀಪಾಯಿ ಸಾಗಿಸುವ ವ್ಯಾಪಾರಿಯ ಗಾಡಿಯಲ್ಲಿ ಅಡಗಿ ಓಡಿಬಂದಳು. 1525ರ ಜೂನ್ 13ರಂದು ಲೂಥರರನ್ನು ಮದುವೆಯಾದಳು. (ಜೂನ್ 13 ನಮ್ಮ ಕೆ.ಆರ್. ನಗರದವರಿಗೆ ಗೊತ್ತಿರುವ ದಿನ, ದೋರನಹಳ್ಳಿ ಅಂತೋಣಿಯವರ ಹಬ್ಬ. ಅದು ಕಥೋಲಿಕರದು, ಇದು ಲೂಥರನ್ನರದು. ಸುಮ್ಮನೆ ನೆನಪಾಯಿತು.) ಅವಳು ದನ, ಹಂದಿ, ಕೋಳಿ ಸಾಕಿದಳು, ಹೊಲ ಕೊಂಡು ಬೇಸಾಯ ಮಾಡಿಸಿದಳು, ಬಿಯರ್ ಕಾಯಿಸಿದಳು, ಮನೆ ತುಂಬ ವಿದ್ಯಾರ್ಥಿಗಳಿಗೆ ಅಡುಗೆ ಹಾಕಿದಳು. ಹೆಂಗಸರ ಜಾಗ ಮನೆ ಅಂತ ಹೇಳಿದವರಲ್ಲಿ ಲೂಥರ್ ಅವರೂ ಒಬ್ಬರೇ, ಆದರೆ ಅವರ ಮನೆ ನಡೆದದ್ದು ಅವಳ ದುಡಿಮೆಯಿಂದ. ಆರು ಮಕ್ಕಳಲ್ಲಿ ಒಂದು ಹೆಣ್ಣುಮಗು ಹಸುಗೂಸಾಗಿದ್ದಾಗಲೇ ತೀರಿಕೊಂಡಿತು. ಇನ್ನೊಬ್ಬಳು, ಮಗ್ದಲೇನಾ, 1542ರಲ್ಲಿ 13ನೇ ವಯಸ್ಸಿಗೆ ಹೋದಳು.

1546ರಲ್ಲಿ ಲೂಥರ್ ತೀರಿಕೊಂಡರು. ಆಸ್ತಿಯೆಲ್ಲ ಹೆಂಡತಿಗೇ, ಮಕ್ಕಳ ಜವಾಬ್ದಾರಿಯೂ ಅವಳದೇ ಅಂತ ಅವರು ಉಯಿಲು ಬರೆದಿಟ್ಟಿದ್ದರು. ವಕೀಲರ ಮೇಲೆ ನಂಬಿಕೆ ಇಲ್ಲದೆ ತಾವೇ ಬರೆದದ್ದು. ಅದೇ ಮುಳುವಾಯಿತು. ಕಾನೂನಿನ ಪ್ರಕಾರ ಇಲ್ಲ ಅಂತ ಅಧಿಕಾರಿಗಳು ತಕರಾರು ತೆಗೆದರು, ಅವಳಿಗೂ ಮಕ್ಕಳಿಗೂ ಗಂಡಸರನ್ನು ಪೋಷಕರಾಗಿ ನೇಮಿಸಿದರು. ಇಪ್ಪತ್ತು ವರ್ಷ ಆ ಹೊಲ ಮನೆ ನಡೆಸಿದವಳಿಗೆ! ಆಮೇಲೆ ಯುದ್ಧ ಬಂತು, ಊರು ಬಿಟ್ಟು ಓಡಬೇಕಾಯಿತು, ದನಕರು ಹೋದವು, ಹೊಲ ಹಾಳಾಯಿತು. ಗಂಡನ ಹೆಸರು ಹೇಳಿ ಮೆರೆಯುತ್ತಿದ್ದವರಿಗೆ ಅವಳು ಸಹಾಯ ಬೇಡಿ ಕಾಗದ ಬರೆಯಬೇಕಾಯಿತು. 1552ರಲ್ಲಿ ಪ್ಲೇಗಿಗೆ ಹೆದರಿ ಮಕ್ಕಳೊಂದಿಗೆ ಹೊರಟಾಗ ಗಾಡಿಯಿಂದ ಬಿದ್ದು ಪೆಟ್ಟಾಗಿ, ಆ ಡಿಸೆಂಬರ್ 20ರಂದು ತೀರಿಕೊಂಡಳು. ಜಗತ್ತಿನ ಎಲ್ಲ ಲೂಥರನ್ನರ ತಾಯಿ ಅನ್ನಿಸಿಕೊಳ್ಳಬೇಕಾದವಳ ಗತಿ ಇದು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಕೋಟೆಯ ಆ ಅಕ್ಕನ ಕಥೆಯೂ ಇದೇ. ಆಮೇಲೆ ವಿಚಾರಿಸಿದೆ. ಗಂಡ ಹೋಗಿ ನಾಲ್ಕು ವರ್ಷವಾದರೂ ಪೌತಿ ಖಾತೆ ಆಗಿಲ್ಲ. ಪಹಣಿ ಇನ್ನೂ ಮಾವನ ಹೆಸರಿನಲ್ಲಿದೆ. ಮೈದುನ ಬೇಸಾಯ ಮಾಡುತ್ತಿದ್ದಾನೆ. ಇವರು ಅದೇ ಹೊಲಕ್ಕೆ ಕೂಲಿಗೆ ಹೋಗುತ್ತಾರೆ.

ಕಾನೂನು ತಾನಾಗಿ ಬರುವುದಿಲ್ಲ, ಬಂದರೂ ತಡವಾಗಿ ಬರುತ್ತದೆ. ನನ್ನ ಅಕ್ಕನನ್ನೇ ನೋಡಿ. ಕ್ರೈಸ್ತರಿಗೆ ಇದ್ದದ್ದು 1869ರ ವಿಚ್ಛೇದನ ಕಾಯಿದೆ. ಅದರ ಪ್ರಕಾರ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದನ್ನು ತೋರಿಸಿದರೆ ಸಾಕು. ಹೆಂಡತಿಗೆ ಗಂಡ ಹೊಡೆಯುತ್ತಾನೆ ಅಂದರೆ ಸಾಲದು, ಹೊಡೆತದ ಜೊತೆ ವ್ಯಭಿಚಾರವನ್ನೂ ಸಾಬೀತು ಮಾಡಬೇಕು. ಕೈ ಮುರಿದ ಚೀಟಿ ಇಟ್ಟುಕೊಂಡು ಅಕ್ಕ ವರ್ಷಗಟ್ಟಲೆ ಕಾದಳು. ಹೆಂಗಸರ ಸಂಘಟನೆಗಳು, ಕ್ರೈಸ್ತ ಹೆಣ್ಣುಮಕ್ಕಳು ಎಷ್ಟೋ ವರ್ಷ ಒತ್ತಾಯ ಮಾಡಿದ ಮೇಲೆ 2001ರಲ್ಲಿ ಆ ಕಾಯಿದೆ ತಿದ್ದುಪಡಿಯಾಯಿತು, ಕ್ರೌರ್ಯವೊಂದೇ ಸಾಕು ಅಂತಾಯಿತು. ಆಗ ಅವಳಿಗೆ ಬಿಡುಗಡೆ ಸಿಕ್ಕಿತು. ಅಷ್ಟರಲ್ಲಿ ಮಗಳು ದೊಡ್ಡವಳಾಗಿದ್ದಳು, ಅಮ್ಮನ ಮುಖ ಗುರುತಿರಲಿಲ್ಲ. ಆ ನಷ್ಟವನ್ನು ಯಾವ ಕೋರ್ಟೂ ತುಂಬಿಕೊಡಲಿಲ್ಲ.

ಈಗ ನಮ್ಮ ಕೈಯಲ್ಲಿ ಹೆಚ್ಚು ಆಯುಧಗಳಿವೆ. 1961ರ ವರದಕ್ಷಿಣೆ ನಿಷೇಧ ಕಾಯಿದೆ ಎಲ್ಲ ಮತದವರಿಗೂ ಒಂದೇ. ಹಳೆಯ 498ಎ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಾಗಿದೆ. ಠಾಣೆಯಲ್ಲಿ ‘ಆ ಕಾನೂನು ತೆಗೆದುಹಾಕಿದ್ದಾರೆ’ ಅಂದರೆ ನಂಬಬೇಡಿ. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯ ಪ್ರಕಾರ ಗಂಡನ ಮನೆಯಲ್ಲಿ ವಾಸಿಸುವ ಹಕ್ಕು ನಿಮಗಿದೆ, ಮನೆ ಯಾರ ಹೆಸರಿನಲ್ಲಾದರೂ ಇರಲಿ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಗೆ ಹೋಗಿ ದೂರು ಕೊಡಬಹುದು. ಒಬ್ಬರೇ ಹೋಗಬೇಡಿ, ನಾಲ್ಕು ಜನ ಹೋಗಿ.

ನಾಲ್ಕು ಜನ ಹೋದರೆ ಏನಾಗುತ್ತದೆ ಅಂತ ಇನ್ನೊಂದು ಲೂಥರನ್ ಸಭೆಯ ಉದಾಹರಣೆ ಇದೆ. ಆಫ್ರಿಕಾದ ಲೈಬೀರಿಯಾದಲ್ಲಿ ಲೇಮಾ ಬೋವಿ ಎಂಬ ಹೆಣ್ಣುಮಗಳು. ಯುದ್ಧದಲ್ಲಿ ಊರು ಕಳೆದುಕೊಂಡಳು, ಕಟ್ಟಿಕೊಂಡವನು ಹೊಡೆಯುತ್ತಿದ್ದ, ಮಕ್ಕಳನ್ನು ಕಟ್ಟಿಕೊಂಡು ಬಿಟ್ಟುಬಂದಳು. ಲೂಥರನ್ ಸಭೆಯವರು ಯುದ್ಧದಲ್ಲಿ ನೊಂದವರಿಗಾಗಿ ನಡೆಸುತ್ತಿದ್ದ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿ ಹೆಂಗಸರ ದುಃಖ ಕೇಳುತ್ತ ಕೇಳುತ್ತ ಅವಳ ದುಃಖಕ್ಕೂ ಮಾತು ಬಂತು. 2003ರಲ್ಲಿ ಚರ್ಚಿನ ಹೆಂಗಸರೂ ಮುಸ್ಲಿಂ ಹೆಂಗಸರೂ ಸೇರಿ, ಬಿಳಿ ಬಟ್ಟೆ ಉಟ್ಟು, ರಾಜಧಾನಿಯ ಮೀನು ಮಾರುಕಟ್ಟೆಯ ಹತ್ತಿರ ಬಿಸಿಲು ಮಳೆ ಅನ್ನದೆ ದಿನಾ ಕೂತರು. ಸಂಧಾನ ನಡೆಯುವ ಸಭಾಂಗಣದ ಬಾಗಿಲಿಗೆ ಅಡ್ಡ ಕೂತು ಗಂಡಸರನ್ನು ಹೊರಗೆ ಬಿಡಲಿಲ್ಲ. ಆ ಆಗಸ್ಟಿನಲ್ಲಿ ಒಪ್ಪಂದವಾಯಿತು. 2011ರಲ್ಲಿ ಅವಳಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಪ್ರಶಸ್ತಿ ಇರಲಿ, ನನಗೆ ಇಷ್ಟವಾಗುವುದು ಆ ಕೂರುವುದು. ನಮ್ಮ ನರ್ಸಮ್ಮ ಠಾಣೆಯ ಬೆಂಚಿನ ಮೇಲೆ ಕೂತ ಹಾಗೆ.

ಮಾತು ಉದ್ದವಾಯಿತು, ಊಟ ಆರುತ್ತಿದೆ. ಕೋಟೆಯ ಅಕ್ಕ ಇವತ್ತೂ ಬಂದಿದ್ದಾರೆ, ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಅವರ ಯಜಮಾನರ ಮರಣ ಪ್ರಮಾಣಪತ್ರ ತಂದಿದ್ದಾರೆ, ವಂಶವೃಕ್ಷ ಇನ್ನೂ ಆಗಬೇಕು. ಸೋಮವಾರ ನಾಡಕಚೇರಿಗೆ ಅವರ ಜೊತೆ ಹೋಗಲು ಅವರ ಸಂಘದಿಂದ ಇಬ್ಬರು ಒಪ್ಪಿದ್ದಾರೆ, ಇನ್ನಿಬ್ಬರು ಬೇಕು. ಬೇರೆ ಯಾರಾದರೂ ಪಹಣಿ ತಂದಿದ್ದರೆ ಊಟ ಆದಮೇಲೆ ಆ ಕಿಟಕಿ ಪಕ್ಕದ ಮೇಜಿಗೆ ಬನ್ನಿ. ನನ್ನ ಅಕ್ಕ ಅಲ್ಲೇ ಕೂತಿರುತ್ತಾಳೆ, ಅರ್ಜಿ ಬರೆದುಕೊಡುತ್ತಾಳೆ.