ಬಣ್ಣದ ಡಬ್ಬಿ ಯಾರ ಸ್ವತ್ತು?

(ಆನೆಕೊಂಡದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ಡ್ರಾಯಿಂಗ್ ಪೀರಿಯಡ್ ಅಂದ್ರೆ ನಗಬೇಡಿ. ಶಾಲೆಯ ಕಣ್ಣಿಗೆ ಯಾರ ಬದುಕು ಬೀಳುತ್ತೆ, ಯಾರದು ಬೀಳಲ್ಲ ಅನ್ನೋದು ಅಲ್ಲೇ ಗೊತ್ತಾಗೋದು.

1907ರಲ್ಲಿ ಮೆಟ್ರಿಕ್ ಪಾಸಾದ ಬಾಬಾಸಾಹೇಬರು ಓದಿದ್ದು ಮುಂಬೈನ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ. ಅಲ್ಲಿ ಮೇಷ್ಟ್ರು ಅವರನ್ನು ಬೋರ್ಡಿಗೆ ಕರೆದಾಗ, ಹಿಂದಿಟ್ಟಿದ್ದ ಊಟದ ಡಬ್ಬಿಗಳನ್ನು ಸವರ್ಣ ಹುಡುಗರು ಓಡಿ ಹೋಗಿ ಎತ್ತಿಕೊಂಡರು. ಈಗ ಬೋರ್ಡು ಎಲ್ಲರದು ಅಂತಾರೆ. ಅದರ ಮೇಲೆ ಬರೆದ ಮನೆ ಯಾರದು?

ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ 'ನಿಮ್ಮ ಮನೆ ಬರೀರಿ' ಅಂದ್ರು. ಎರಡು ಗುಡ್ಡ, ನಡುವೆ ಸೂರ್ಯ, ಹೆಂಚಿನ ಮನೆ, ತೆಂಗಿನಮರ. ಎಲ್ಲರದೂ ಅದೇ. ನಾನು ಅಪ್ಪನ ಉಳಿ, ರಂಪಿಗೆ, ನೆನೆಹಾಕಿದ ತೊಗಲು ಬರೆದೆ. 'ಏನೋ ಇದು ಗಲೀಜು, ಅಳಿಸು' ಅಂದ್ರು. ಹೈಸ್ಕೂಲಿನಲ್ಲಿ ಬಣ್ಣ ತರದವರು ಹೊರಗೆ ನಿಲ್ಲಬೇಕಿತ್ತು. ನಿಂತವರೆಲ್ಲ ಒಂದೇ ಕೇರಿಯವರು.

ಕೆಮ್ಮಣ್ಣು, ಸುಣ್ಣದಲ್ಲಿ ಗೋಡೆಗೆ ಚಿತ್ತಾರ ಎಳೆದವಳು ನಮ್ಮವ್ವ. ಹಳೇ ಸೀರೆ ಜೋಡಿಸಿ ಕೌದಿ ಹೊಲಿದವಳು ನಮ್ಮಜ್ಜಿ. ಕೈಯೊಳಗೆ ಕಲೆ ಐತೆ. ಇಲ್ಲದ್ದು ಕಾಗದ, ಕುಂಚ, ಕಲಿಸುವ ಮೇಷ್ಟ್ರು.

ಇದೇ ದಾವಣಗೆರೆಯಲ್ಲಿ 1964ರಲ್ಲಿ ಶುರುವಾದ ಚಿತ್ರಕಲಾ ಶಾಲೆ ಇಂದು ವಿಶ್ವವಿದ್ಯಾಲಯದ ದೃಶ್ಯಕಲಾ ಕಾಲೇಜಾಗಿದೆ. ಹೊರಗೆ ನಿಲ್ಲಿಸಿದ ಹುಡುಗ ಅಲ್ಲಿಗೆ ಹೋಗೋದು ಹೇಗೆ? ಸೋಪು, ಎಣ್ಣೆ, ನೋಟ್‌ಬುಕ್ಕಿನ ಜೊತೆ ಬಣ್ಣದ ಡಬ್ಬಿಯನ್ನೂ ಹಾಸ್ಟೆಲಿನಲ್ಲಿ ಕೇಳಿ. ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆಗೆ ಕಟ್ಟಿ. ಕೊಡದಿದ್ದರೆ ಎಲ್ಲರೂ ಸಹಿ ಹಾಕಿ ಅರ್ಜಿ ಬರೀರಿ. ಅದಕ್ಕೂ ಬಗ್ಗದಿದ್ದರೆ ಆಫೀಸಿನ ಮುಂದೆ ಕೂರೋಣ.

ನಮ್ಮ ಕೇರಿಯನ್ನು ನಾವೇ ಬರೆಯಬೇಕು.

ಜೈಭೀಮ್.